ಮಗುವಿನ ಹಲ್ಲಿನ ಕಲೆ, ಮನೆಯ ನೀರಿನ ಲೆಕ್ಕ

ಎಂಟು ವರ್ಷದ ಹುಡುಗನೊಬ್ಬ ಶಾಲೆಯಿಂದ ಅಳುತ್ತ ಮನೆಗೆ ಬರುತ್ತಾನೆ. 'ಹಲ್ಲು ಉಜ್ಜದೆ ಶಾಲೆಗೆ ಬರುತ್ತೀಯಾ?' ಎಂದು ಮೇಷ್ಟ್ರು ಎಲ್ಲರೆದುರು ಗದರಿಸಿದ್ದಾರೆ. ಅಮ್ಮ ಮಗನ ಬಾಯಿ ತೆರೆಸಿ ನೋಡುತ್ತಾಳೆ. ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಅಡ್ಡಗೆರೆಗಳು ಕಾಣುತ್ತವೆ. ಮರುದಿನದಿಂದ ಎರಡು ಹೊತ್ತು ಉಜ್ಜಿಸುತ್ತಾಳೆ. ಇದ್ದಿಲು, ಉಪ್ಪು, ಹೊಸ ಪೇಸ್ಟು ಎಲ್ಲವನ್ನೂ ಹಾಕಿ ನೋಡುತ್ತಾಳೆ. ವಸಡು ಕೆಂಪಾಗಿ ರಕ್ತ ಬರುತ್ತದೆಯೇ ಹೊರತು ಕಲೆ ಹೋಗುವುದಿಲ್ಲ.

ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆಯ ಓದುಗರಿಗೆ ಈ ದೃಶ್ಯ ಹೊಸದೇನಲ್ಲ. ಆ ಹುಡುಗ ಸೋಮಾರಿಯಲ್ಲ, ಆ ತಾಯಿ ಅಲಕ್ಷ್ಯ ಮಾಡಿದವಳೂ ಅಲ್ಲ. ಆ ಕಲೆ ಹಲ್ಲಿನ ಮೇಲೆ ಅಂಟಿದ ಕೊಳೆಯಲ್ಲ, ಹಲ್ಲಿನೊಳಗೇ ಬೆಳೆದು ಬಂದದ್ದು. ಮಗು ಹುಟ್ಟಿದ ದಿನದಿಂದ ಕುಡಿದ ನೀರು ಹಲ್ಲಿನ ಮೇಲೆ ಬರೆದಿಟ್ಟ ಬರಹ ಅದು.

ನಮ್ಮ ಸುತ್ತಲಿನ ನೀರು, ಗಾಳಿ, ಮಣ್ಣುಗಳಿಂದ ನಮ್ಮ ಮೈಗೆ ಏನು ಸೇರುತ್ತಿದೆ, ಎಷ್ಟು ಸೇರುತ್ತಿದೆ ಎಂದು ಅಳೆದು ನೋಡುವ ಕೆಲಸ ವಿಜ್ಞಾನಿಗಳಿಗೆ ಮಾತ್ರ ಸೇರಿದ್ದು ಎಂದು ಅನೇಕರು ತಿಳಿದಿದ್ದಾರೆ. ಆದರೆ ಅದರ ಮೊದಲ ಅರ್ಧವನ್ನು ಯಾವುದೇ ಮನೆಯವರು ತಾವೇ ಮಾಡಬಹುದು. ಬೇಕಾಗಿರುವುದು ಸರಿಯಾದ ಪ್ರಶ್ನೆಗಳು, ಸ್ವಲ್ಪ ಗುಣಾಕಾರ, ಒಂದು ಬಾಟಲಿ ನೀರು. ಫ್ಲೋರೈಡ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವಾರ ಅದನ್ನೇ ಕಲಿಯೋಣ.

ಹಲ್ಲು ಎಂಬ ದಾಖಲೆ

ಶಾಶ್ವತ ಹಲ್ಲುಗಳ ಹೊರಗಿನ ಹೊಳಪಿನ ಪದರಕ್ಕೆ ಎನಾಮಲ್ ಎನ್ನುತ್ತಾರೆ. ಹಲ್ಲು ವಸಡಿನಿಂದ ಹೊರಬರುವುದಕ್ಕೆ ಬಹಳ ಮೊದಲೇ, ದವಡೆಯೊಳಗೆ ಈ ಪದರ ತಯಾರಾಗುತ್ತಿರುತ್ತದೆ. ಹುಟ್ಟಿನಿಂದ ಹಿಡಿದು ಸುಮಾರು ಎಂಟು ವರ್ಷದವರೆಗೆ ಈ ಕೆಲಸ ನಡೆಯುತ್ತದೆ. ಆ ಕಾಲದಲ್ಲಿ ಮಗುವಿನ ಮೈಗೆ ಫ್ಲೋರೈಡ್ ಅತಿಯಾಗಿ ಸೇರಿದರೆ ಎನಾಮಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಅನಂತರ ಹಳದಿ, ಕೊನೆಗೆ ಕಂದು ಗೆರೆಗಳು ಕಾಣಿಸಿಕೊಳ್ಳುತ್ತವೆ. ತೀವ್ರವಾದಾಗ ಹಲ್ಲಿನ ಮೇಲೆ ಗುಳಿ ಬಿದ್ದು ಚೂರು ಏಳುತ್ತದೆ. ಇದಕ್ಕೆ ದಂತ ಫ್ಲೋರೋಸಿಸ್ ಎಂದು ಹೆಸರು.

ಕೊಳೆಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಕೊಳೆ ಸಾಮಾನ್ಯವಾಗಿ ವಸಡಿನ ಅಂಚಿನಲ್ಲಿ ಕೂರುತ್ತದೆ, ಉಜ್ಜಿದರೆ ಅಥವಾ ದಂತವೈದ್ಯರು ಶುಚಿ ಮಾಡಿದರೆ ಹೋಗುತ್ತದೆ. ಫ್ಲೋರೋಸಿಸ್ ಗೆರೆ ಅಡ್ಡಡ್ಡವಾಗಿ, ವಸಡಿನಿಂದ ದೂರದಲ್ಲಿ ಇರುತ್ತದೆ. ಎಡಗಡೆಯ ಹಲ್ಲಿನಲ್ಲಿ ಇದ್ದಂತೆಯೇ ಬಲಗಡೆಯ ಅದೇ ಹಲ್ಲಿನಲ್ಲೂ ಇರುತ್ತದೆ. ಉಜ್ಜಿದರೆ ಹೋಗುವುದಿಲ್ಲ. ಹಾಲುಹಲ್ಲಿನಲ್ಲಿ ಇದು ಕಡಿಮೆ. ಆರೇಳು ವರ್ಷದಲ್ಲಿ ಶಾಶ್ವತ ಹಲ್ಲು ಬಂದಾಗಲೇ ಮನೆಯವರ ಕಣ್ಣಿಗೆ ಬೀಳುವುದು. ಹಲ್ಲಿನ ಮೇಲಿನ ಎಲ್ಲ ಕಲೆಯೂ ಫ್ಲೋರೋಸಿಸ್ ಅಲ್ಲ. ಜ್ವರ, ಪೆಟ್ಟು, ಕೆಲವು ಔಷಧಗಳಿಂದಲೂ ಕಲೆ ಬರಬಹುದು. ಆದ್ದರಿಂದ ಒಂದು ಮಗುವಿನ ಹಲ್ಲು ನೋಡಿ ತೀರ್ಮಾನಿಸಬಾರದು. ಒಂದೇ ಬೀದಿಯ ಹತ್ತು ಮಕ್ಕಳ ಹಲ್ಲು ಒಂದೇ ರೀತಿ ಇದ್ದರೆ ಮಾತ್ರ ನೀರಿನ ಕಡೆ ಬೊಟ್ಟು ಮಾಡಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ಮದುವೆಯಾಗಿ ಬೇರೆ ಊರಿನಿಂದ ಬಂದ ಸೊಸೆಯ ಹಲ್ಲು ಬೆಳ್ಳಗಿರುತ್ತದೆ, ಅವಳ ಮಕ್ಕಳ ಹಲ್ಲು ಕಂದಾಗಿರುತ್ತದೆ. 'ನೀರಿನಿಂದಲೇ ಆಗಿದ್ದರೆ ನಿನಗೇಕೆ ಆಗಿಲ್ಲ?' ಎಂದು ಮನೆಯಲ್ಲಿ ಕೇಳುತ್ತಾರೆ. ಉತ್ತರ ಸರಳ. ಅವಳ ಎನಾಮಲ್ ತವರಿನ ನೀರಿನಲ್ಲಿ ತಯಾರಾಗಿತ್ತು. ಎಂಟು ದಾಟಿದ ಮೇಲೆ ಎಷ್ಟು ಫ್ಲೋರೈಡ್ ಕುಡಿದರೂ ಹಲ್ಲಿನಲ್ಲಿ ಗೆರೆ ಮೂಡುವುದಿಲ್ಲ. ಆದರೆ ಅವಳ ಮೂಳೆಗೆ ಆ ರಕ್ಷಣೆ ಇಲ್ಲ. ಅದು ವರ್ಷ ವರ್ಷವೂ ಫ್ಲೋರೈಡ್ ಅನ್ನು ಕೂಡಿಡುತ್ತಲೇ ಇರುತ್ತದೆ. ಹಲ್ಲು ಬೆಳ್ಳಗಿದೆ ಎಂದು ಅವಳು ನಿಶ್ಚಿಂತೆಯಿಂದ ಇರುವಂತಿಲ್ಲ.

ಒಂದು ಊರು ಕಲಿಸಿದ ಪಾಠ

ಈ ಬಗೆಯ ಪತ್ತೇದಾರಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ, ಅಲ್ಲಿ ಹುಟ್ಟಿ ಬೆಳೆದ ಬಹಳ ಜನರ ಹಲ್ಲು ಕಂದಾಗಿರುವುದನ್ನು ಕಂಡರು. ಕಾರಣ ಹುಡುಕುತ್ತ ವರ್ಷಗಟ್ಟಲೆ ಅಲೆದರು. 1923ರಲ್ಲಿ ಐಡಹೊ ರಾಜ್ಯದ ಓಕ್ಲಿ ಎಂಬ ಚಿಕ್ಕ ಊರಿನ ತಂದೆತಾಯಿಗಳು, 'ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಕೊಳವೆ ಹಾಕಿದ ಮೇಲೆ ನಮ್ಮ ಮಕ್ಕಳ ಹಲ್ಲು ಹೀಗಾಯಿತು' ಎಂದು ಅವರಿಗೆ ಹೇಳಿದರು. ಮೆಕೇ ನೀರನ್ನು ಪರೀಕ್ಷಿಸಿದಾಗ ಏನೂ ಸಿಗಲಿಲ್ಲ. ಆದರೂ ಜನರ ಮಾತಿಗೆ ಬೆಲೆ ಕೊಟ್ಟು, ಆ ಕೊಳವೆ ಬಿಟ್ಟು ಬೇರೆ ಬುಗ್ಗೆಯ ನೀರು ಬಳಸಿರಿ ಎಂದರು. ಕೆಲವೇ ವರ್ಷಗಳಲ್ಲಿ ಓಕ್ಲಿಯ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಬಂದವು.

ನೀರಿನಲ್ಲಿದ್ದ ಅಪರಾಧಿಯ ಹೆಸರು ಗೊತ್ತಾದದ್ದು 1931ರಲ್ಲಿ. ಅರ್ಕನ್ಸಾ ರಾಜ್ಯದ ಬಾಕ್ಸೈಟ್ ಎಂಬ ಗಣಿಯ ಊರಿನ ನೀರನ್ನು ಪರೀಕ್ಷಿಸುತ್ತಿದ್ದ ರಸಾಯನ ತಜ್ಞ ಎಚ್.ವಿ. ಚರ್ಚಿಲ್ ಅದರಲ್ಲಿ ಫ್ಲೋರೈಡ್ ಬಹಳ ಇರುವುದನ್ನು ಕಂಡುಹಿಡಿದರು. ನಮ್ಮ ದೇಶದಲ್ಲಿ ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಮೂಳೆಯ ಫ್ಲೋರೋಸಿಸ್ ಇರುವುದನ್ನು ಎಚ್.ಇ. ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ ವರದಿ ಮಾಡಿದರು.

ಪ್ರಯೋಗಾಲಯಕ್ಕೂ ಮೊದಲು ಓಕ್ಲಿಯ ತಾಯಂದಿರು ಸರಿಯಾದ ಉತ್ತರದ ಹತ್ತಿರ ಬಂದಿದ್ದರು ಎಂಬುದನ್ನು ಮರೆಯಬಾರದು. 'ಮೊದಲು ಹೀಗಿರಲಿಲ್ಲ, ಕೊಳವೆ ಬಂದ ಮೇಲೆ ಹೀಗಾಯಿತು' ಎಂದು ಮೊದಲಿಗೂ ಈಗಿಗೂ ಹೋಲಿಸಿ ನೋಡಿದ್ದೇ ಅವರ ಜಾಣತನ.

ವಿಷ ಇರುವುದು ಬೇರೆ, ಮೈ ಸೇರುವುದು ಬೇರೆ

ಬೀರುವಿನಲ್ಲಿ ಬೀಗ ಹಾಕಿಟ್ಟ ಕೀಟನಾಶಕ ಅಪಾಯದ ವಸ್ತು ನಿಜ. ಆದರೆ ಬೀಗ ತೆಗೆಯುವವರೆಗೆ ಅದು ಯಾರ ಮೈಗೂ ಸೇರುವುದಿಲ್ಲ. ಹಾಗೆಯೇ ಬಾವಿಯಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದು ಅರ್ಧ ಲೆಕ್ಕ. ಯಾರ ಹೊಟ್ಟೆಗೆ ಎಷ್ಟು ಹೋಯಿತು ಎಂಬುದು ಉಳಿದರ್ಧ. ಅದನ್ನು ತಿಳಿಯಲು ಐದು ಪ್ರಶ್ನೆ ಕೇಳಬೇಕು.

1. ಎಲ್ಲಿಂದ ಬರುತ್ತಿದೆ?

2. ಯಾವ ದಾರಿಯಲ್ಲಿ ಮೈ ಸೇರುತ್ತಿದೆ? ಬಾಯಿಯಿಂದಲೋ, ಉಸಿರಿನಿಂದಲೋ, ಚರ್ಮದಿಂದಲೋ?

3. ದಿನಕ್ಕೆ ಎಷ್ಟು?

4. ಎಷ್ಟು ವರ್ಷದಿಂದ?

5. ಮನೆಯಲ್ಲಿ ಯಾರಿಗೆ ಹೆಚ್ಚು ತಾಗುತ್ತದೆ?

ಈ ಐದನ್ನು ಫ್ಲೋರೈಡ್‌ಗೆ ಒಂದೊಂದಾಗಿ ಹಚ್ಚಿ ನೋಡೋಣ.

ಎಲ್ಲಿಂದ?

ಇದು ಯಾವ ಕಾರ್ಖಾನೆಯೂ ಸುರಿದದ್ದಲ್ಲ. ನಮ್ಮ ಬಯಲುಸೀಮೆಯ ತಳದಲ್ಲಿರುವ ಗ್ರಾನೈಟ್ ಮತ್ತು ಅದರ ಜಾತಿಯ ಬಂಡೆಗಳಲ್ಲಿಯೇ ಫ್ಲೋರೈಡ್ ಇರುವ ಖನಿಜಗಳಿವೆ. ಬಂಡೆಯ ಬಿರುಕುಗಳಲ್ಲಿ ನೀರು ಬಹಳ ಕಾಲ ನಿಂತಷ್ಟೂ ಅದು ಕರಗಿ ನೀರಿಗೆ ಸೇರುತ್ತದೆ. ಅಜ್ಜನ ಕಾಲದಲ್ಲಿ ತೆರೆದ ಬಾವಿಯ ನೀರು ಕುಡಿಯುತ್ತಿದ್ದೆವು. ಅದು ಪ್ರತಿ ಮಳೆಗಾಲಕ್ಕೂ ಹೊಸದಾಗುತ್ತಿತ್ತು. ಕೆರೆ ಬತ್ತಿ, ಬಾವಿ ಒಣಗಿ, ಕೊಳವೆ ಬಾವಿಯನ್ನು ನೂರಾರು ಅಡಿ ಇಳಿಸಿದ ಮೇಲೆ ಬಂಡೆಯ ಆಳದ ಹಳೆಯ ನೀರನ್ನು ಎತ್ತತೊಡಗಿದೆವು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು, ಗದಗ ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿ ಇದೇ ಕಥೆ. ಆದರೆ ಒಂದೇ ಊರಿನ ಎರಡು ಕೊಳವೆ ಬಾವಿಗಳಲ್ಲಿ ಒಂದರ ನೀರು ಒಳ್ಳೆಯದಿದ್ದು, ಇನ್ನೊಂದರದು ಕೆಟ್ಟದ್ದಿರುವುದೂ ಉಂಟು. ಆದ್ದರಿಂದ ಪಕ್ಕದ ಬೀದಿಯ ವರದಿಯನ್ನು ನಂಬಿ ಕೂರಬೇಡಿ.

ಯಾವ ದಾರಿ?

ಫ್ಲೋರೈಡ್ ಮೈ ಸೇರುವುದು ಮುಖ್ಯವಾಗಿ ಬಾಯಿಯ ಮೂಲಕ. ಸ್ನಾನ, ಬಟ್ಟೆ, ಪಾತ್ರೆ ತೊಳೆಯುವುದರಿಂದ ಭಯವಿಲ್ಲ. ಇದು ತುಂಬಾ ಉಪಯುಕ್ತವಾದ ಮಾತು. ಏಕೆಂದರೆ ಮನೆಗೆ ಬರುವ ನೀರೆಲ್ಲವನ್ನೂ ಶುದ್ಧ ಮಾಡುವ ಅಗತ್ಯವೇ ಇಲ್ಲ. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ ಐದು ಲೀಟರ್ ಎಂದು ಹಿಡಿದರೂ, ಐದು ಜನರ ಮನೆಗೆ 25 ಲೀಟರ್ ಒಳ್ಳೆಯ ನೀರು ಸಾಕು.

'ಅಡುಗೆಗೆ' ಎಂಬ ಮಾತಿಗೆ ಒತ್ತು ಕೊಡಿ. ಕುಡಿಯಲು ಮಾತ್ರ ಕ್ಯಾನ್ ನೀರು ತಂದು, ಮುದ್ದೆಯ ಎಸರಿಗೂ ಬೇಳೆ ಬೇಯಿಸಲೂ ಕೊಳವೆ ಬಾವಿ ನೀರನ್ನೇ ಹಾಕುವ ಮನೆಗಳು ಎಷ್ಟೋ ಇವೆ. ಎಸರಿನಲ್ಲಿದ್ದ ಫ್ಲೋರೈಡ್ ಮುದ್ದೆಯೊಳಗೇ ಉಳಿಯುತ್ತದೆ, ಆವಿಯಾಗಿ ಹೋಗುವುದಿಲ್ಲ.

ನೀರಲ್ಲದೆ ಬೇರೆ ದಾರಿಗಳೂ ಇವೆ. ಚಹಾ ಗಿಡ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ಶೇಖರಿಸುತ್ತದೆ. ಕೆಟ್ಟ ನೀರಿನಲ್ಲಿ ಕಡು ಚಹಾ ಕುದಿಸಿ ದಿನಕ್ಕೆ ಏಳೆಂಟು ಲೋಟ ಕುಡಿದರೆ ಎರಡೂ ಕೂಡಿಕೊಳ್ಳುತ್ತವೆ. ಚಾಟ್‌ಗಳಲ್ಲಿ ಹಾಕುವ ಕಪ್ಪು ಉಪ್ಪಿನಲ್ಲೂ ಇದು ಇರುತ್ತದೆ. ಫ್ಲೋರೈಡ್ ಇರುವ ಪೇಸ್ಟನ್ನು ಚಿಕ್ಕ ಮಕ್ಕಳು ನುಂಗಿಬಿಡುತ್ತಾರೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಅದಕ್ಕೆ ಮೇಲ್ಪಟ್ಟವರಿಗೆ ಬಟಾಣಿಯಷ್ಟು ಪೇಸ್ಟು ಸಾಕು. ಉಗುಳಲು ಕಲಿಸಿ. ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲು ಹುಳುಕಾಗದಂತೆ ಕಾಪಾಡುತ್ತದೆ ಎಂಬುದೂ ನಿಜವೇ. ಆದ್ದರಿಂದ ವಸ್ತುವಿನ ಹೆಸರು ಕೇಳಿ ಹೆದರಬಾರದು, ಪ್ರಮಾಣವನ್ನು ಕೇಳಬೇಕು.

ಎಷ್ಟು? ಕಾಗದ ಪೆನ್ಸಿಲ್ ತೆಗೆದುಕೊಳ್ಳಿ

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ವರದಿಯಲ್ಲಿ 'ಪಿಪಿಎಂ' ಎಂದಿದ್ದರೆ ಅದೂ ಇದೇ ಅಳತೆ ಎಂದು ತಿಳಿಯಿರಿ.

ನಿಮ್ಮ ಬಾವಿಯ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಇದೆ ಎಂದು ಇಟ್ಟುಕೊಳ್ಳೋಣ. ಅದೇ ನೀರನ್ನು ಮೂವರು ಕುಡಿಯುತ್ತಾರೆ.

ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುವ ಚಿಕ್ಕಪ್ಪ, ತೂಕ 50 ಕಿಲೋ, ದಿನಕ್ಕೆ 2 ಲೀಟರ್ ಕುಡಿಯುತ್ತಾನೆ. ಅವನ ಹೊಟ್ಟೆಗೆ 6 ಮಿಲಿಗ್ರಾಂ. ಬಿಸಿಲಿನಲ್ಲಿ ಹೊಲ ಅಗೆಯುವ ಅಪ್ಪ, ಅಷ್ಟೇ ತೂಕ, ಆದರೆ 5 ಲೀಟರ್ ಕುಡಿಯುತ್ತಾನೆ. ಅವನ ಹೊಟ್ಟೆಗೆ 15 ಮಿಲಿಗ್ರಾಂ. ನಾಲ್ಕು ವರ್ಷದ ಮಗು, ತೂಕ 15 ಕಿಲೋ, 1 ಲೀಟರ್ ಕುಡಿಯುತ್ತದೆ. ಅದಕ್ಕೆ 3 ಮಿಲಿಗ್ರಾಂ.

ಮಗುವಿನದೇ ಕಡಿಮೆ ಎನಿಸುತ್ತದಲ್ಲವೇ? ಈಗ ತೂಕದಿಂದ ಭಾಗಿಸಿ. ಚಿಕ್ಕಪ್ಪನಿಗೆ ಕಿಲೋ ತೂಕಕ್ಕೆ 0.12 ಮಿಲಿಗ್ರಾಂ, ಮಗುವಿಗೆ 0.2, ಅಪ್ಪನಿಗೆ 0.3. ಅಂದರೆ ಒಂದೇ ಬಾವಿಯ ನೀರು ಅಂಗಡಿಯವನಿಗಿಂತ ಮಗುವಿಗೆ ಸುಮಾರು 1.7 ಪಾಲು, ದುಡಿಯುವವನಿಗೆ ಎರಡೂವರೆ ಪಾಲು ಹೆಚ್ಚಾಗಿ ತಾಗುತ್ತಿದೆ. ಸಾಲದ್ದಕ್ಕೆ, ಮೈ ಹೀರಿಕೊಂಡ ಫ್ಲೋರೈಡ್‌ನಲ್ಲಿ ದೊಡ್ಡವರು ಸುಮಾರು ಅರ್ಧದಷ್ಟನ್ನು ಮೂತ್ರದಲ್ಲಿ ಹೊರಹಾಕುತ್ತಾರೆ. ಮೂಳೆ ಬೆಳೆಯುತ್ತಿರುವ ಚಿಕ್ಕ ಮಕ್ಕಳಲ್ಲಿ ಅದರ ಬಹುಪಾಲು ಒಳಗೇ ಉಳಿದುಬಿಡುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಲ್ಲೂ ಹೀಗೆಯೇ.

ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪ್ರಕಟಿಸಿದ ಪರಾಮರ್ಶೆಯ ಪ್ರಕಾರ, ನೀರು ಆಹಾರ ಎಲ್ಲ ಸೇರಿ ದಿನಕ್ಕೆ 14 ಮಿಲಿಗ್ರಾಂ ಫ್ಲೋರೈಡ್ ಒಳಗೆ ಹೋದರೆ ಮೂಳೆಗೆ ಹಾನಿ ಸ್ಪಷ್ಟ. ಸುಮಾರು 6 ಮಿಲಿಗ್ರಾಂ ಮೀರಿದಾಗಲೇ ಅಪಾಯದ ಸೂಚನೆಗಳಿವೆ. ಮೇಲಿನ ಲೆಕ್ಕದಲ್ಲಿ ಅಪ್ಪ ಎಲ್ಲಿದ್ದಾನೆ, ನೋಡಿ. ಬಾವಿಗೆ ಒಂದೇ ಅಂಕಿ, ಮನೆಯವರಿಗೆ ಮೂರು ಅಂಕಿ. ನಮ್ಮಂಥ ಬಿಸಿಲ ನಾಡಿನಲ್ಲಿ ಜನ ಹೆಚ್ಚು ನೀರು ಕುಡಿಯುವುದರಿಂದ 1.5 ಎಂಬ ಮಿತಿಯನ್ನೂ ಸಡಿಲವಾಗಿ ತೆಗೆದುಕೊಳ್ಳಬಾರದು. ಸಾಧ್ಯವಿದ್ದಲ್ಲಿ 1ರೊಳಗೆ ಇರಬೇಕು.

ಎಷ್ಟು ವರ್ಷ?

ಮೂಳೆಯ ಫ್ಲೋರೋಸಿಸ್ ಒಂದು ದಿನದಲ್ಲಿ ಬರುವುದಿಲ್ಲ, ವರ್ಷಗಳು ಬೇಕು. ಮೊದಲು ಸೊಂಟ, ಕುತ್ತಿಗೆ, ಮಂಡಿಗಳಲ್ಲಿ ನೋವು ಮತ್ತು ಬಿಗಿತ ಬರುತ್ತದೆ. 'ವಯಸ್ಸಾಯಿತು', 'ವಾಯು' ಎಂದು ಎಣ್ಣೆ ಹಚ್ಚಿಕೊಂಡು ಕಾಲ ತಳ್ಳುತ್ತಾರೆ. ಮುಂದೆ ಬೆನ್ನು ಬಾಗುವುದಿಲ್ಲ, ನೆಲಕ್ಕೆ ಬಿದ್ದ ನಾಣ್ಯ ಎತ್ತಲಾಗುವುದಿಲ್ಲ, ಗದ್ದವನ್ನು ಎದೆಗೆ ಮುಟ್ಟಿಸಲಾಗುವುದಿಲ್ಲ, ಕೈಯೆತ್ತಿ ತಲೆಯ ಹಿಂದೆ ಕಟ್ಟಲಾಗುವುದಿಲ್ಲ. ಕೊನೆಯ ಹಂತದಲ್ಲಿ ಬೆನ್ನೆಲುಬು ಗೂನಾಗಿ, ನರಗಳು ಒತ್ತಿ, ಮನುಷ್ಯ ಹಾಸಿಗೆ ಹಿಡಿಯಬಹುದು.

ಬೆನ್ನುನೋವು ಬಂದವರೆಲ್ಲರಿಗೂ ಫ್ಲೋರೋಸಿಸ್ ಎಂದಲ್ಲ. ಆದರೆ ಮೊಮ್ಮಕ್ಕಳ ಹಲ್ಲಿನಲ್ಲಿ ಕಂದುಗೆರೆ, ಅಜ್ಜನ ಬೆನ್ನಿನಲ್ಲಿ ಬಿಗಿತ ಎರಡೂ ಒಂದೇ ಸೂರಿನಡಿ ಕಂಡರೆ ಕಾಯಬೇಡಿ, ನೀರನ್ನು ಪರೀಕ್ಷೆಗೆ ಕಳುಹಿಸಿ. ವೈದ್ಯರಿಗೆ ಯಾವ ನೀರು, ಎಷ್ಟು ವರ್ಷದಿಂದ ಎಂದು ಹೇಳಿ. ಅವರು ಮುಂಗೈ ಎಕ್ಸ್‌ರೇ ತೆಗೆಸಿ, ಮೂತ್ರದ ಫ್ಲೋರೈಡ್ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬಲ್ಲರು. ಮೂಳೆಗೆ ಸೇರಿದ ಫ್ಲೋರೈಡನ್ನು ಹೊರತೆಗೆಯುವ ಮಾತ್ರೆ ಇಲ್ಲ. ಆದರೆ ನೀರು ಬದಲಾಯಿಸಿದರೆ ಆರಂಭದ ಹಂತದ ನೋವು ಕಡಿಮೆಯಾಗಬಹುದು, ರೋಗ ಮುಂದುವರಿಯದಂತೆ ತಡೆಯಬಹುದು.

ಪರೀಕ್ಷೆ ಹೇಗೆ?

ಫ್ಲೋರೈಡ್‌ಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಸಿಹಿನೀರಿನಲ್ಲೂ ಇರಬಹುದು, ಸ್ಫಟಿಕದಂಥ ತಿಳಿನೀರಿನಲ್ಲೂ ಇರಬಹುದು. ನಾಲಿಗೆಯನ್ನು ನಂಬಬೇಡಿ.

ಒಂದು ಲೀಟರಿನ ಶುಚಿಯಾದ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಪಂಪನ್ನು ಐದಾರು ನಿಮಿಷ ಓಡಿಸಿ, ಕೊಳವೆಯಲ್ಲಿ ನಿಂತ ನೀರು ಹೋಗಲಿ. ಅದೇ ನೀರಿನಿಂದ ಬಾಟಲಿಯನ್ನು ಎರಡು ಮೂರು ಸಲ ಗಲಬರಿಸಿ ತುಂಬಿಸಿ. ಮೇಲೆ ಊರು, ಬಾವಿ ಇರುವ ಜಾಗ, ಆಳ, ದಿನಾಂಕ ಬರೆದು ಅಂಟಿಸಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಮತ್ತು ತಾಲ್ಲೂಕು ಪ್ರಯೋಗಾಲಯಗಳಲ್ಲಿ ಪರೀಕ್ಷೆಗೆ ಅವಕಾಶವಿದೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನಡಿ ಹಳ್ಳಿಗಳಿಗೆ ಸ್ಥಳದಲ್ಲೇ ಪರೀಕ್ಷಿಸುವ ಕಿಟ್ ಕೊಟ್ಟು, ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ತರಬೇತಿ ಕೊಡುವ ಏರ್ಪಾಡೂ ಆಗಿದೆ. ನಿಮ್ಮ ಪಂಚಾಯಿತಿಯಲ್ಲಿ ಕಿಟ್ ಯಾರ ಬಳಿ ಇದೆ ಎಂದು ವಿಚಾರಿಸಿ. ಕಿಟ್‌ನಲ್ಲಿ ಮಿತಿ ಮೀರಿದಂತೆ ಕಂಡರೆ ಪ್ರಯೋಗಾಲಯದಲ್ಲಿ ಖಚಿತ ಮಾಡಿಕೊಳ್ಳಿ. ಬೇಸಿಗೆಗೂ ಮಳೆಗಾಲದ ನಂತರಕ್ಕೂ ಅಂಕಿ ಬದಲಾಗುವುದರಿಂದ ವರ್ಷಕ್ಕೆ ಎರಡು ಸಲ ನೋಡುವುದು ಒಳ್ಳೆಯದು. ಬಾವಿಯನ್ನು ಇನ್ನಷ್ಟು ಆಳ ಕೊರೆಸಿದರೆ ಹಳೆಯ ವರದಿ ಹರಿದುಹಾಕಿ ಹೊಸದಾಗಿ ಮಾಡಿಸಿ.

ಕುದಿಸಿದರೆ ಸಾಲದು, ಹೆಚ್ಚುತ್ತದೆ!

'ನಾವು ಕಾಯಿಸಿ ಆರಿಸಿ ಕುಡಿಯುತ್ತೇವೆ, ಭಯವಿಲ್ಲ' ಎನ್ನುವವರಿದ್ದಾರೆ. ಕುದಿಸುವುದರಿಂದ ಕಾಲರಾ, ಟೈಫಾಯಿಡ್ ರೋಗಾಣು ಸಾಯುತ್ತವೆ, ಸರಿ. ಆದರೆ ಫ್ಲೋರೈಡ್ ಸಾಯುವ ಪ್ರಾಣಿಯಲ್ಲ. 10 ಲೀಟರ್ ನೀರು ಕುದಿದು 9 ಲೀಟರ್ ಆದರೆ, 3 ಮಿಲಿಗ್ರಾಂ ಇದ್ದದ್ದು 3.3 ಆಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ನೇರಳಾತೀತ ಬೆಳಕಿನ ಶುದ್ಧೀಕರಣ ಯಂತ್ರ ಯಾವುದೂ ಇದನ್ನು ತೆಗೆಯುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು?

ಮೊದಲನೆಯದು, ಹಸುಗೂಸಿನ ಮನೆಯಲ್ಲಿ ತಾಯಿಯ ಹಾಲು. ತಾಯಿ ಫ್ಲೋರೈಡ್ ನೀರು ಕುಡಿಯುತ್ತಿದ್ದರೂ ಅವಳ ಎದೆಹಾಲಿಗೆ ಅದು ಬಹಳ ಕಡಿಮೆ ಇಳಿಯುತ್ತದೆ. ಅದೇ ಡಬ್ಬಿಯ ಹಾಲಿನ ಪುಡಿಯನ್ನು ಕೊಳವೆ ಬಾವಿ ನೀರಿನಲ್ಲಿ ಕಲಸಿ ಕೊಟ್ಟರೆ ನೀರಿನ ಫ್ಲೋರೈಡ್ ಪೂರ್ತಿಯಾಗಿ ಕೂಸಿನ ಹೊಟ್ಟೆ ಸೇರುತ್ತದೆ. ಆರು ತಿಂಗಳ ಮೇಲೆ ಕೊಡುವ ರಾಗಿ ಸರಿಯನ್ನೂ ಒಳ್ಳೆಯ ನೀರಿನಲ್ಲೇ ಮಾಡಿ. ಮನೆಯಲ್ಲಿ ಒಳ್ಳೆಯ ನೀರು ಒಂದೇ ಕೊಡ ಇದ್ದರೆ ಅದರ ಮೊದಲ ಹಕ್ಕು ಎಂಟು ವರ್ಷದೊಳಗಿನ ಮಕ್ಕಳದು ಮತ್ತು ಗರ್ಭಿಣಿಯದು.

ಎರಡನೆಯದು, ಮಳೆನೀರು. ಆಕಾಶದಿಂದ ಬೀಳುವ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬೀಳುವ ಒಣಸೀಮೆಯಲ್ಲೂ 30 ಚದರ ಮೀಟರ್ ಚಾವಣಿಯ ಮೇಲೆ 15,000 ಲೀಟರ್ ನೀರು ಬೀಳುತ್ತದೆ. ಐದನೇ ಒಂದು ಪಾಲು ಪೋಲಾದರೂ 12,000 ಲೀಟರ್ ಉಳಿಯಿತು. ದಿನಕ್ಕೆ 25 ಲೀಟರಿನಂತೆ ಐದು ಜನರಿಗೆ ವರ್ಷಕ್ಕೆ ಬೇಕಾದದ್ದು 9,125 ಲೀಟರ್. ಲೆಕ್ಕ ಕೂಡಿಬಂತಲ್ಲವೇ? ಕಷ್ಟವಿರುವುದು ಅಷ್ಟು ದೊಡ್ಡ ತೊಟ್ಟಿ ಕಟ್ಟಿಸುವುದರಲ್ಲಿ. ಪೂರ್ತಿ ಆಗದಿದ್ದರೆ ಮಕ್ಕಳಿಗೆ ಸಾಕಾಗುವಷ್ಟಾದರೂ ಹಿಡಿಯಿರಿ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಿ, ತೊಟ್ಟಿಗೆ ಬೆಳಕು, ಸೊಳ್ಳೆ ಹೋಗದಂತೆ ಭದ್ರವಾಗಿ ಮುಚ್ಚಿ, ಕುದಿಸಿ ಕುಡಿಯಿರಿ.

ಮೂರನೆಯದು, ಶುದ್ಧೀಕರಣ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ 'ನಲ್ಗೊಂಡ ವಿಧಾನ'ದಲ್ಲಿ ಸುಣ್ಣ, ಪಟಿಕ, ಬ್ಲೀಚಿಂಗ್ ಪುಡಿ ಹಾಕಿ ಕಲಕಿ ತಿಳಿಯಾಗಿಸುತ್ತಾರೆ. ಎಷ್ಟು ಹಾಕಬೇಕೆಂಬುದು ಆಯಾ ನೀರಿನ ಪರೀಕ್ಷೆಯಿಂದ ಗೊತ್ತಾಗಬೇಕು, ಅಂದಾಜಿನಲ್ಲಿ ಪಟಿಕ ಸುರಿಯಬಾರದು. ಈಗ ಅನೇಕ ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ 20 ಲೀಟರ್ ಕೊಡುವ ಶುದ್ಧ ನೀರಿನ ಘಟಕಗಳಿವೆ. ಇವುಗಳಲ್ಲಿನ ಆರ್.ಓ. ಯಂತ್ರ ಫ್ಲೋರೈಡನ್ನು ಚೆನ್ನಾಗಿ ತೆಗೆಯುತ್ತದೆ, ಅದರ ಒಳಪೊರೆ ಸುಸ್ಥಿತಿಯಲ್ಲಿದ್ದರೆ ಮಾತ್ರ. ಘಟಕಕ್ಕೆ ಒಳಹೋಗುವ ನೀರನ್ನಲ್ಲದೆ ಹೊರಬರುವ ನೀರನ್ನೂ ಪರೀಕ್ಷಿಸುತ್ತಿದ್ದೀರಾ, ಕೊನೆಯ ಸಲ ಪೊರೆ ಬದಲಾಯಿಸಿದ್ದು ಯಾವಾಗ ಎಂದು ಕೇಳಿ. ಉಳಿದ ಗಡಸು ನೀರನ್ನು ಎಲ್ಲಿ ಬಿಡುತ್ತಾರೆ ಎಂಬುದನ್ನೂ ನೋಡಿ. ಅದರಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಿರುತ್ತದೆ, ದನಕರು ಕುಡಿಯುವ ಹೊಂಡಕ್ಕೆ ಹೋಗಬಾರದು.

ನಾಲ್ಕನೆಯದು, ಊಟ. ರಾಗಿ, ಹಾಲು, ಮಜ್ಜಿಗೆ, ನುಗ್ಗೆಸೊಪ್ಪಿನ ಸುಣ್ಣಾಂಶ ಹೊಟ್ಟೆಯಲ್ಲಿ ಫ್ಲೋರೈಡ್ ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ನೆಲ್ಲಿಕಾಯಿ, ನಿಂಬೆ, ಸೀಬೆಹಣ್ಣು ಒಳ್ಳೆಯವು. ಸರಿಯಾಗಿ ಉಣ್ಣದ ಮಕ್ಕಳಿಗೆ ಇದರ ಹಾನಿ ಹೆಚ್ಚು. ಆದರೆ ಊಟ ನೀರಿಗೆ ಬದಲಿಯಲ್ಲ.

ಇವೇ ಐದು ಪ್ರಶ್ನೆ, ಬೇರೆ ಮೂಲೆಗಳಲ್ಲಿ

ಫ್ಲೋರೈಡ್ ತೊಂದರೆ ಇಲ್ಲದ ಊರಿನ ಓದುಗರು 'ನಮಗೇನು?' ಎನ್ನಬಹುದು. ಈ ಐದು ಪ್ರಶ್ನೆಗಳನ್ನು ನಿಮ್ಮ ಅಡುಗೆಮನೆಗೂ ಬಚ್ಚಲಿಗೂ ಒಯ್ಯಿರಿ. 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ ಒಲೆ ಮುಂದೆ ಕೂತ ಹೆಂಗಸರ ಮೈಮೇಲೆಯೇ ಅಳತೆಯ ಸಾಧನ ತೊಡಿಸಿ, ಅವರು ಉಸಿರಾಡುವ ಹೊಗೆ ಎಷ್ಟೆಂದು ಅಳೆದರು. ಅಲ್ಲಿಯವರೆಗೆ ಹೊಗೆ ಎಂದರೆ ಪಟ್ಟಣದ ಚಿಮಣಿ ಎಂದೇ ಎಲ್ಲರ ಎಣಿಕೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು. ಗ್ಯಾಸ್ ಬಂದಿದೆ ಎಂದು ಹೇಳುವ ಮುಂಚೆ ನೋಡಿ: ಬಚ್ಚಲ ಹಂಡೆಗೆ ಇನ್ನೂ ಸೌದೆಯೇ? ಅದರ ಹೊಗೆ ಎಲ್ಲಿ ಹೋಗುತ್ತದೆ? ಆ ಹೊತ್ತಿನಲ್ಲಿ ಕೂಸನ್ನು ಎತ್ತಿಕೊಂಡು ಅಲ್ಲಿ ಕೂರುವವರು ಯಾರು? ಗೋಡೆಯ ಮಸಿಯೇ ನಿಮ್ಮ ವರದಿ.

ಇನ್ನೊಂದು ಸೀಸ. ಭಾರತದಲ್ಲಿ ಪೆಟ್ರೋಲಿನಿಂದ ಅದನ್ನು 2000ದಲ್ಲಿ ತೆಗೆದರು. ಮನೆಯ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ಆದರೆ ಹಳೆಯ ಕಿಟಕಿಯ ಬಣ್ಣ ಉದುರುತ್ತಿದ್ದರೆ, ಮನೆಯಂಗಳದಲ್ಲಿ ಬ್ಯಾಟರಿ ಬಿಚ್ಚುವ ಕೆಲಸ ನಡೆಯುತ್ತಿದ್ದರೆ ಆ ಧೂಳು ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಅದರಿಂದ ಮಗುವಿನ ಬುದ್ಧಿಗೆ ಆಗುವ ಪೆಟ್ಟು ಹೊರಗೆ ಕಾಣುವುದಿಲ್ಲ. ಒದ್ದೆ ಬಟ್ಟೆಯಿಂದ ನೆಲ ಒರೆಸುವುದು, ಊಟಕ್ಕೆ ಮುಂಚೆ ಕೈ ತೊಳೆಸುವುದು, ಕೆಲಸದ ಬಟ್ಟೆಯನ್ನು ಹೊರಗೇ ಬಿಚ್ಚುವುದು ಖರ್ಚಿಲ್ಲದ ಉಪಾಯಗಳು. ಅನುಮಾನವಿದ್ದರೆ ಮಗುವಿನ ರಕ್ತ ಪರೀಕ್ಷೆ ಮಾಡಿಸಿ.

ಒಂದು ಮನೆಯಿಂದ ಊರಿಗೆ

ಒಂದು ಮನೆಯ ವರದಿ ಆ ಮನೆಗೆ ಮಾತ್ರ. ಊರಿನ ಎಲ್ಲ ಕೊಳವೆ ಬಾವಿಗಳ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದು, ಪಕ್ಕದಲ್ಲಿ ಆ ನೀರು ಕುಡಿಯುವ ಮಕ್ಕಳಲ್ಲಿ ಎಷ್ಟು ಜನರಿಗೆ ಕಂದುಗೆರೆ ಇದೆ ಎಂದು ಬರೆಯಿರಿ. ಶಾಲೆಯ ಮೇಷ್ಟ್ರು ಮನಸ್ಸು ಮಾಡಿದರೆ ಒಂದು ವಾರದ ಕೆಲಸ. ಅನೇಕ ಸಲ ಒಳ್ಳೆಯ ನೀರಿನ ಬಾವಿ ಊರಲ್ಲೇ ಇರುತ್ತದೆ, ಅದನ್ನು ಹೊಲಕ್ಕೆ ಹರಿಸಿ ಕೆಟ್ಟದ್ದನ್ನು ಕುಡಿಯುತ್ತಿರುತ್ತೇವೆ. ಒಳ್ಳೆಯ ನೀರಿನ ಕೈಪಂಪಿಗೆ ಹಸಿರು, ಕೆಟ್ಟದ್ದಕ್ಕೆ ಕೆಂಪು ಬಣ್ಣ ಬಳಿಯಲು ಹೆಚ್ಚು ಹಣ ಬೇಕಿಲ್ಲ. ಗ್ರಾಮಸಭೆಯಲ್ಲಿ 'ನಮಗೆ ನೀರಿನ ತೊಂದರೆ ಇದೆ' ಎಂದರೆ ಯಾರೂ ತಲೆ ಎತ್ತುವುದಿಲ್ಲ. ಅಂಕಿಗಳಿರುವ ಆ ಹಾಳೆಯನ್ನು ಮುಂದಿಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ. ಫ್ಲೋರೋಸಿಸ್ ತಡೆಗೆ 2008–09ರಿಂದ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ ಎಂಬುದನ್ನೂ ನೆನಪಿಸಿ.

ಮತ್ತೆ ಆ ಎಂಟು ವರ್ಷದ ಹುಡುಗನ ವಿಷಯ. ಅವನ ಹಲ್ಲಿನ ಗೆರೆ ಇನ್ನು ತಾನಾಗಿ ಹೋಗದು. ದೊಡ್ಡವನಾದ ಮೇಲೆ ಬೇಕೆನಿಸಿದರೆ ದಂತವೈದ್ಯರು ಅದನ್ನು ಮುಚ್ಚಿಕೊಡಬಲ್ಲರು. ಅಲ್ಲಿಯವರೆಗೆ ಅವನನ್ನು ಗದರಿಸಬೇಡಿ, ಇದ್ದಿಲು ಹಾಕಿ ವಸಡು ಕೆಡಿಸಬೇಡಿ. ಆದರೆ ಅವನ ಮೂಳೆಯನ್ನು ಇಂದಿನಿಂದಲೇ ಉಳಿಸಬಹುದು. ತೊಟ್ಟಿಲಲ್ಲಿರುವ ಅವನ ತಂಗಿಯ ಹಲ್ಲು ಇನ್ನೂ ದವಡೆಯೊಳಗೆ ತಯಾರಾಗುತ್ತಿದೆ. ಅದು ಯಾವ ಬಣ್ಣದಲ್ಲಿ ಹೊರಬರಬೇಕು ಎಂಬುದು ಈ ವಾರ ನೀವು ಪರೀಕ್ಷೆಗೆ ಒಯ್ಯುವ ಆ ಒಂದು ಬಾಟಲಿ ನೀರಿನಿಂದ ನಿರ್ಧಾರವಾಗಬಹುದು.